ಎಡಗಡೆಯ ಪಟ್ಟಿ

ಶಿವಕುಮಾರಸ್ವಾಮಿ ಬಿನ್ ಶಿವರುದ್ರಸ್ವಾಮಿ, ವಯಸ್ಸು 48 ವರ್ಷ, ಲಿಂಗಾಯತ ಜನಾಂಗ, ನೌಕಾಪಡೆಯಿಂದ ನಿವೃತ್ತಿ, ಹಾಲಿ ವ್ಯವಸಾಯ, ವಾಸ ಹೊನ್ನೂರು ಗ್ರಾಮ, ಯಳಂದೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ. ಇವರು ಈ ದಿನ ಬೆಳಿಗ್ಗೆ 11-00 ಗಂಟೆಗೆ ಯಾರೂ ಕರೆಯದೆ ತಾವಾಗಿಯೇ ಠಾಣೆಗೆ ಬಂದು ನೀಡಿದ ಮರುಹೇಳಿಕೆ.

ನಾನು ಹೇಳಬೇಕಾದ್ದು ಇಷ್ಟು. ದಿನಾಂಕ 13-07-2025ರ ಭಾನುವಾರ ಕೌದಳ್ಳಿ ಹತ್ತಿರದ ಕರಡಿಹಳ್ಳ ಜಲಾಶಯದಲ್ಲಿ ರಂಗಸ್ವಾಮಿ ಎಂಬುವವರು ನೀರಿನಲ್ಲಿ ಮುಳುಗಿ ತೀರಿಕೊಂಡ ಬಗ್ಗೆ ಅದೇ ದಿನ ಸಂಜೆ 6-15ಕ್ಕೆ ಇದೇ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದೇನೆ. ಅದರಲ್ಲಿ ಗಾಳಿ ಜೋರಾಗಿ ಬೀಸಿ ದೋಣಿ ಮಗುಚಿತು ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಬಿಟ್ಟದ್ದನ್ನು ಈ ದಿನ ಹೇಳುತ್ತಿದ್ದೇನೆ.

ನಾನು ನೌಕಾಪಡೆಯಲ್ಲಿ 22 ವರ್ಷ ಕೆಲಸ ಮಾಡಿ 2020ರಲ್ಲಿ ನಿವೃತ್ತನಾದೆ. ಅದರಲ್ಲಿ ಆರು ವರ್ಷ ಕೊಚ್ಚಿಯಲ್ಲಿ ಹೊಸಬರಿಗೆ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದೆ. ಊರಿಗೆ ಬಂದ ಮೇಲೆ ಭತ್ತ, ತೆಂಗು ನೋಡಿಕೊಂಡಿದ್ದೇನೆ. ಜೂನ್ ಕೊನೆಯ ವಾರದಲ್ಲಿ ಮೊಬೈಲಿನಲ್ಲಿ ಹಳೆಯ ಸಾಮಾನು ಮಾರುವ ಗುಂಪೊಂದರಲ್ಲಿ ಹಾಯಿದೋಣಿಯ ಫೋಟೋ ನೋಡಿದೆ. ನಮ್ಮ ಕಡೆ ಅಂಥ ದೋಣಿ ಇರುತ್ತದೆಂದು ನಾನು ಎಣಿಸಿರಲಿಲ್ಲ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ ಮಾತನಾಡಿದವರು ರಂಗಸ್ವಾಮಿಯವರು, ವಯಸ್ಸು 56. ಜಲಾಶಯದ ದಡದಲ್ಲಿದ್ದ ಖಾಸಗಿ ರೆಸಾರ್ಟ್ ಒಂದರ ಕಾವಲುಗಾರರು. ಆ ರೆಸಾರ್ಟ್ 2018ರಲ್ಲೇ ಮುಚ್ಚಿದೆ, ಈಗ ಜಾಗವನ್ನೂ ಮಾರಿದ್ದಾರೆ, ಶೆಡ್ಡಿನಲ್ಲಿರುವ ದೋಣಿಯನ್ನು ನೀನೇ ಇಟ್ಟುಕೋ ಎಂದು ಯಜಮಾನರು ತಮಗೆ ಕೊಟ್ಟಿದ್ದಾರೆ ಎಂದು ತಿಳಿಸಿದರು. ಜುಲೈ 31ಕ್ಕೆ ತಮ್ಮ ಕೆಲಸ ಮುಗಿಯುತ್ತದೆ, ದೋಣಿ ಮಾರಿದ ಹಣದಲ್ಲಿ ಕೌದಳ್ಳಿಯಲ್ಲಿ ಟೀ ಅಂಗಡಿ ಇಡುವ ಯೋಚನೆ ಇದೆ ಎಂದೂ ಹೇಳಿದರು. ಭಾನುವಾರ ಬಂದು ನೋಡುತ್ತೇನೆ, ನೀರಿಗೆ ಇಳಿಸಿ ನೋಡದೆ ಮಾತು ಮುಗಿಸುವುದಿಲ್ಲ ಎಂದು ನಾನು ಹೇಳಿದೆ. ನನ್ನ ಹೆಂಡತಿ ಕೋಮಲ, ನೀರು ಬಿಟ್ಟು ಬಂದು ಐದು ವರ್ಷವಾದರೂ ನಿಮ್ಮನ್ನು ನೀರು ಬಿಟ್ಟಿಲ್ಲ ಎಂದಳು. ಬೇಡ ಎನ್ನಲಿಲ್ಲ.

13ರಂದು ಬೆಳಿಗ್ಗೆ 8-45ಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೊನ್ನೂರು ಬಿಟ್ಟು, ಕೊಳ್ಳೇಗಾಲ, ಹನೂರು ಮಾರ್ಗವಾಗಿ 10-40ಕ್ಕೆ ಜಲಾಶಯದ ಬಳಿ ತಲುಪಿದೆ. ರಂಗಸ್ವಾಮಿಯವರೂ ಅವರ ಹೆಂಡತಿ ರತ್ನ ಅವರೂ ಶೆಡ್ಡಿನ ಮುಂದೆ ನಿಂತಿದ್ದರು. ದೋಣಿಯ ಮೇಲೆ ಸೂಜಿಮೊನೆಯಷ್ಟೂ ಧೂಳು ಇರಲಿಲ್ಲ. ನಾನು ಅದನ್ನು ಹೇಳಿದಾಗ ರಂಗಸ್ವಾಮಿಯವರು, 'ಏಳ್ ವರ್ಸದಿಂದ ದಿನಾ ವರೆಸ್ತಾ ಇವ್ನಿ ಸಾ, ಒಂದ್ ದಪನೂ ಅದ್ರೊಳಗ ಕುಂತಿಲ್ಲ. ನಂಗೆ ನಡ್ಸಕ್ ಬರಕಿಲ್ಲ' ಎಂದು ಹೇಳಿದರು.

ದೋಣಿ 14 ಅಡಿ ಉದ್ದ, ಮೇಲೆ ಫೈಬರ್, ಒಳಗೆ ಪ್ಲೈವುಡ್. ನಾನು ಸುಮಾರು ಒಂದು ಗಂಟೆ ಪರೀಕ್ಷೆ ಮಾಡಿದೆ. ನಾಣ್ಯದಿಂದ ಮೈಯೆಲ್ಲಾ ತಟ್ಟಿ ಶಬ್ದ ಕೇಳಿದೆ. ಒಳಗೆ ಮೂರು ಕೊಡ ನೀರು ಹಾಕಿಸಿ ಹೊರಗೆ ಎಲ್ಲಾದರೂ ಸೋರುತ್ತದೆಯೇ ಎಂದು ನೋಡಿದೆ. ನೀರು ತಂದು ಹಾಕಿದವರು ರತ್ನ ಅವರು. ಹಾಯಿಯನ್ನು ನೆಲದ ಮೇಲೆ ಹಾಸಿದಾಗ ಇಲಿ ಕಚ್ಚಿದ ಎರಡು ತೂತು ಸಿಕ್ಕವು. ಅದಕ್ಕೆ ರಂಗಸ್ವಾಮಿಯವರು ತಮ್ಮದೇ ತಪ್ಪು ಎಂಬಂತೆ ತಲೆ ತಗ್ಗಿಸಿದರು.

ಹಾಯಿ ಕಟ್ಟುವ ಕಂಬವನ್ನು ಎರಡೂ ಪಕ್ಕದಿಂದ ಉಕ್ಕಿನ ತಂತಿ ಬಿಗಿದು ನಿಲ್ಲಿಸಿರುತ್ತಾರೆ. ಆ ತಂತಿಯ ಕೆಳತುದಿಯನ್ನು ದೋಣಿಯ ಅಂಚಿಗೆ ಒಂದು ಪಟ್ಟಿ ಇಟ್ಟು ನಾಲ್ಕು ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಬಲಗಡೆಯ ಪಟ್ಟಿ ಗಟ್ಟಿಯಾಗಿತ್ತು. ಎಡಗಡೆಯ ಪಟ್ಟಿಯ ಎರಡು ಬೋಲ್ಟುಗಳು ಬೆರಳಲ್ಲೇ ತಿರುಗಿದವು. ಪಕ್ಕದಲ್ಲಿ ಬೈಕಿನ ಕೀ ಒತ್ತಿದಾಗ ಅದು ಹೆಬ್ಬೆರಳಿನಗಲ ಸಲೀಸಾಗಿ ಒಳಗೆ ಹೋಯಿತು. ಒಳಗಿನ ಪ್ಲೈವುಡ್ ಕೊಳೆತಿತ್ತು. ಆಗ ಸಮಯ 11-35. ರಂಗಸ್ವಾಮಿಯವರು ಎರಡು ಅಡಿ ದೂರದಲ್ಲಿ ನಿಂತು, 'ಎಂಗದೆ ಸಾ, ಚೆನ್ನಾಗದಾ?' ಎಂದು ಕೇಳಿದರು. ನಾನು ಕೀ ತೆಗೆದು, ಆ ಜಾಗವನ್ನು ಕರ್ಚೀಫಿನಿಂದ ಒರೆಸಿ, ನೀರಿಗೆ ಇಳಿಸಿದ ಮೇಲೆ ಗೊತ್ತಾಗುತ್ತದೆ ಎಂದು ಹೇಳಿದೆ.

ಹಾಗೆ ಏಕೆ ಹೇಳಿದೆ ಎಂದರೆ, ಎಲ್ಲಾ ಮುಗಿದ ಮೇಲೆ ಆ ಪಟ್ಟಿಯನ್ನು ತೋರಿಸಿ ಬೆಲೆ ಇಳಿಸಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಮೊದಲೇ ತೋರಿಸಿದರೆ ಅವರು ದೋಣಿಯನ್ನು ನೀರಿಗೆ ಇಳಿಸಲು ಒಪ್ಪದಿರಬಹುದು ಎಂಬ ಯೋಚನೆಯೂ ಇತ್ತು. ಕೊಚ್ಚಿಯಲ್ಲಿ ಯಾರಾದರೂ ಹುಡುಗರು ಅಂಥ ಪಟ್ಟಿ ಇರುವ ದೋಣಿಯನ್ನು ನೀರಿಗೆ ಇಳಿಸಿದ್ದರೆ ನಾನು ಅವರನ್ನು ಶಿಕ್ಷಿಸುತ್ತಿದ್ದೆ.

ಜಲಾಶಯದಲ್ಲಿ ದೋಣಿ ನಡೆಸಲು ಯಾರ ಅನುಮತಿಯನ್ನೂ ಪಡೆದಿರಲಿಲ್ಲ. ದೋಣಿ ಚಕ್ರದ ಗಾಡಿಯ ಮೇಲಿತ್ತು. ನಾವು ಮೂವರೂ ಸೇರಿ 40 ಅಡಿ ತಳ್ಳಿ 12-05ಕ್ಕೆ ನೀರಿಗೆ ಇಳಿಸಿದೆವು. ಒಬ್ಬನೇ ನಡೆಸಿದರೆ ದೋಣಿಯ ಗುಣ ಸರಿಯಾಗಿ ತಿಳಿಯುವುದಿಲ್ಲ, ಇನ್ನೊಬ್ಬರ ಭಾರ ಬೇಕು ಎಂದು ನಾನು ಹೇಳಿದ್ದರಿಂದ ರಂಗಸ್ವಾಮಿಯವರು ಜೊತೆಗೆ ಬರಲು ಒಪ್ಪಿದರು. ಶೆಡ್ಡಿನಲ್ಲಿ ನೀರಿನಲ್ಲಿ ತೇಲಿಸುವ ಜಾಕೆಟ್ ಎರಡಿದ್ದವು. ಒಂದನ್ನು ಹಿಡಿದ ಕೂಡಲೇ ಒಳಗಿನ ಫೋಮ್ ಪುಡಿಯಾಗಿ ಉದುರಿತು. ಇನ್ನೊಂದು ಚೆನ್ನಾಗಿತ್ತು. ಅದನ್ನು ಅವರು ಹಾಕಿಕೊಳ್ಳಲಿ ಎಂದು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. 'ನೀವು ಬಂದೋರು ಸಾ, ನೀವ್ ಆಕ್ಕಳಿ. ನಂಗ ಈಜು ಬತ್ತದ, ಚಿಕ್ಕೋನಾಗಿದ್ದಾಗ ಬಾವಿಲಿ ಬಿದ್ದು ಕಲ್ತಿವ್ನಿ' ಎಂದರು. ನಾನು ಎರಡನೇ ಸಲ ಒತ್ತಾಯ ಮಾಡದೆ ಅದನ್ನು ಹಾಕಿಕೊಂಡೆ. ರತ್ನ ಅವರು ದಡದ ಹೊಂಗೆ ಮರದ ಕೆಳಗೆ ಕುಳಿತರು. ಊಟ ಮಾಡಿಕೊಂಡೇ ಹೋಗಬೇಕು, ಉಪ್ಸಾರು ಮಾಡಿದೆ, ಮುದ್ದೆ ಬಿಸಿಯಾಗಿ ಕಟ್ಟುತ್ತೇನೆ ಎಂದು ನನಗೆ ಹೇಳಿದ್ದರು.

ಗಾಳಿ ಪಡುವಣದಿಂದ ಮೆಲ್ಲಗೆ ಬೀಸುತ್ತಿತ್ತು. ಮೊದಲ ಸುತ್ತಿನಲ್ಲಿ ದೋಣಿಯನ್ನು ಹೆಚ್ಚು ಹೊತ್ತು ಗಾಳಿ ಬಲಗಡೆಯಿಂದ ಬರುವಂತೆಯೇ ನಡೆಸಿದೆ. ಎಡಗಡೆಯ ತಂತಿಯ ಮೇಲೆ ಭಾರ ಬೀಳಬಾರದೆಂದು ಹಾಗೆ ಮಾಡಿದೆ. ಅದಕ್ಕೆ ಕಾರಣ ರಂಗಸ್ವಾಮಿಯವರಿಗೆ ತಿಳಿದಿರಲಿಲ್ಲ. ಅವರು ಮೊದಲು ಎರಡೂ ಕೈಯಲ್ಲಿ ಹಲಗೆ ಹಿಡಿದು ಕುಳಿತಿದ್ದರು. ಸ್ವಲ್ಪ ಹೊತ್ತಿನ ನಂತರ ಕೈ ಬಿಟ್ಟರು. ನಾನು ಹಾಯಿಯ ಹಗ್ಗವನ್ನು ಅವರ ಕೈಗೆ ಕೊಟ್ಟು ಎಳೆಯುವುದು, ಬಿಡುವುದು ಹೇಗೆಂದು ತೋರಿಸಿದೆ. ಬೇಗ ಹಿಡಿದುಕೊಂಡರು. 'ಸದ್ದೇ ಇಲ್ವಲ್ಲ ಸಾ' ಎಂದರು. ಇಷ್ಟು ವರ್ಷ ಅದನ್ನು ಸಾಮಾನು ಎಂದುಕೊಂಡಿದ್ದೆ, ಇದು ಹೀಗೆ ಓಡುತ್ತದೆಂದು ತಿಳಿದಿದ್ದರೆ ಮಾರುವ ಮಾತೇ ಎತ್ತುತ್ತಿರಲಿಲ್ಲ ಎಂದು ನಗುತ್ತಾ ಹೇಳಿದರು. ದಡದ ಕಡೆ ಕೈ ಬೀಸಿದರು. ರತ್ನ ಅವರೂ ಎದ್ದು ನಿಂತು ಕೈ ಬೀಸಿದರು.

ಹಿಂತಿರುಗುವಾಗ ಗಾಳಿ ಎಡಗಡೆಯಿಂದ ಬಂತು. ಆಗ ಪಟ್ಟಿ ಉಗುರಿನಷ್ಟು ಮೇಲೆದ್ದು ಮತ್ತೆ ಕುಳಿತದ್ದನ್ನು ನಾನು ಕಣ್ಣಾರೆ ನೋಡಿದೆ. 12-32ಕ್ಕೆ ದಡದಿಂದ 20 ಅಡಿ ದೂರಕ್ಕೆ ಬಂದೆವು. ನೀರು ಸೊಂಟದ ಮಟ್ಟ ಮಾತ್ರ ಇತ್ತು. ದೋಣಿಯ ಬಗ್ಗೆ ತಿಳಿಯಬೇಕಾದ್ದೆಲ್ಲಾ ಆಗ ನನಗೆ ತಿಳಿದಿತ್ತು. ಪರೀಕ್ಷೆ ಮುಗಿದಿತ್ತು. ರತ್ನ ಅವರು ಮುದ್ದೆ ಕಟ್ಟಲೇ ಎಂದು ಕೂಗಿ ಕೇಳಿದರು. ಇನ್ನೊಂದು ಸುತ್ತು ಹೋಗಿ ಬರುತ್ತೇವೆ ಎಂದು ನಾನು ಕೂಗಿ ಹೇಳಿದೆ. ಆ ಎರಡನೇ ಸುತ್ತು ದೋಣಿ ಕೊಳ್ಳುವುದಕ್ಕಾಗಿ ಅಲ್ಲ. ಐದು ವರ್ಷದ ಮೇಲೆ ಹಾಯಿಯ ಕೆಳಗೆ ಕುಳಿತಿದ್ದೆ, ಇಳಿಯಲು ಮನಸ್ಸು ಬರಲಿಲ್ಲ. ರಂಗಸ್ವಾಮಿಯವರಿಗೂ ಸಂತೋಷವೇ ಆಯಿತು. ಆದರೆ ಅವರಿಗೆ ಪಟ್ಟಿಯ ವಿಷಯ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆಷಾಢದ ಗಾಳಿ ಮಧ್ಯಾಹ್ನ ಜೋರಾಗುತ್ತದೆ ಎನ್ನುವುದೂ ಗೊತ್ತಿತ್ತು.

12-52ಕ್ಕೆ ನಾವು ದಡದಿಂದ ಸುಮಾರು 350 ಮೀಟರ್ ದೂರದಲ್ಲಿದ್ದೆವು. ನಾನು ಎಡಗಡೆಯ ಅಂಚಿನ ಮೇಲೆ ಚುಕ್ಕಾಣಿ ಹಿಡಿದಿದ್ದೆ. ರಂಗಸ್ವಾಮಿಯವರು ನಡುವೆ ಹಗ್ಗ ಹಿಡಿದು ಕುಳಿತಿದ್ದರು. ಎಡಗಡೆಯ ಗುಡ್ಡದ ಸಂದಿಯಿಂದ ಒಮ್ಮೆಗೇ ಗಾಳಿ ನುಗ್ಗಿತು. ಹಗ್ಗ ಬಿಡಿ ಎಂದು ನಾನು ಹೇಳಿದೆ. ಅವರು ಬಿಟ್ಟರು, ತಪ್ಪು ಮಾಡಲಿಲ್ಲ. ಅಷ್ಟರಲ್ಲಿ ಎಡಗಡೆಯ ಪಟ್ಟಿ ನಾಲ್ಕೂ ಬೋಲ್ಟಿನ ಸಮೇತ ಕಿತ್ತು ಬಂತು. ಕಂಬ ಬಲಕ್ಕೆ ಬಿತ್ತು. ಹಾಯಿಯ ಕೆಳಗಿನ ಅಡ್ಡದಂಡ ಅವರ ಕುತ್ತಿಗೆಯ ಹಿಂದೆ ಬಡಿಯಿತು. ಅವರು ಬಲಗಡೆ ನೀರಿಗೆ ಬಿದ್ದರು, ಅವರ ಮೇಲೆ ಹಾಯಿ ಬಿತ್ತು. ದೋಣಿ ಮಗುಚಿ ನಾನೂ ಬಿದ್ದೆ.

ನಾನು ಹಾಯಿಯ ಅಂಚಿನ ಬಳಿ ಈಜಿ ಹೋಗಿ ಕೆಳಗೆ ಮುಳುಗಲು ನೋಡಿದೆ. ಜಾಕೆಟ್ ನನ್ನನ್ನು ಮುಳುಗಲು ಬಿಡಲಿಲ್ಲ. ಹಾಯಿಯ ಬಟ್ಟೆಯ ಮೇಲಿನಿಂದ ಅವರ ಬೆನ್ನು ಕೈಗೆ ಸಿಕ್ಕಿತು. ಹಾಯಿಯನ್ನು ಎಳೆದೆ, ಬರಲಿಲ್ಲ. ಜಾಕೆಟ್ಟಿನ ಬಕಲ್ ತುಕ್ಕು ಹಿಡಿದಿತ್ತು, ಬಿಚ್ಚಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಅದನ್ನು ಎಸೆದು ನಾಲ್ಕು ಸಲ ಮುಳುಗಿದೆ. ಎರಡನೇ ಸಲಕ್ಕೆ ಹಾಯಿಯ ಕೆಳಗೆ ಯಾರೂ ಇರಲಿಲ್ಲ. ನೀರು ಕೆಂಪು ಮಣ್ಣಿನ ಬಣ್ಣ, ಮುಂದೆ ಚಾಚಿದ ಕೈಯೇ ಕಾಣುತ್ತಿರಲಿಲ್ಲ.

ಸುಮಾರು 600 ಮೀಟರ್ ದೂರದಲ್ಲಿ ಬಲೆ ಬಿಟ್ಟಿದ್ದ ಮಾದಣ್ಣ ಎಂಬುವವರು ತೆಪ್ಪ ಹಾಕಿಕೊಂಡು 1-10ಕ್ಕೆ ಬಂದರು. ನನ್ನನ್ನು ತೆಪ್ಪಕ್ಕೆ ಎಳೆದುಕೊಂಡು, 'ಇನ್ನೊಬ್ರೆಲ್ಲಿ?' ಎಂದು ಕೇಳಿದರು. ನಾನು ನೀರನ್ನು ತೋರಿಸಿದೆ. ಅವರು ಎರಡು ಗಂಟೆಯವರೆಗೂ ಮುಳುಗಿ ಮುಳುಗಿ ಹುಡುಕಿದರು. ರತ್ನ ಅವರು ಎದೆಮಟ್ಟ ನೀರಿನವರೆಗೆ ಬಂದು ನಿಂತಿದ್ದರು. ಅಳುತ್ತಿರಲಿಲ್ಲ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ಅವರಿಗಿಲ್ಲದ್ದರಿಂದ, 'ಬನ್ನಿ, ಬನ್ನಿ' ಎಂದಷ್ಟೇ ಕೂಗುತ್ತಿದ್ದರು. ಆ ಮೇಲೆ ಅಗ್ನಿಶಾಮಕ ದಳದವರು ಬಂದರು. ಕತ್ತಲಾಗುವವರೆಗೂ ಸಿಗಲಿಲ್ಲ. ಮಾರನೆಯ ದಿನ 14ರಂದು ಬೆಳಿಗ್ಗೆ 7-20ಕ್ಕೆ ದೇಹ ಸಿಕ್ಕಿತು.

ಅದೇ ದಿನ ಕೊಳ್ಳೇಗಾಲದಲ್ಲಿ ಶವಪರೀಕ್ಷೆ ನಡೆಯುವಾಗ ನಾನು ಆಸ್ಪತ್ರೆಯ ಹೊರಗೆ ನಿಂತಿದ್ದೆ. ರತ್ನ ಅವರು ತಾವಾಗಿಯೇ ನನ್ನ ಬಳಿ ಬಂದರು. ಬೈಯುತ್ತಾರೆಂದು ಕಾದೆ. ಅವರು ನನ್ನ ಕಾಲಿನ ಕಡೆ ನೋಡುತ್ತಾ, 'ದೋಣಿ ಕೆಟ್ಟೋಗಿತ್ತೇನೋ, ನಮ್ಗ ತಿಳಿನಿಲ್ಲ ಸಾ. ಅವ್ರು ಮೋಸ ಮಾಡೋರಲ್ಲ. ನಿಮ್ಗೇನಾರಾ ಆಗಿದ್ರ ನಿಮ್ಮನೆವ್ರಿಗ ನಾವೇನಂತ ಏಳ್ಬೇಕಿತ್ತು' ಎಂದು ಹೇಳಿ ಕೈ ಮುಗಿದರು. ಅವರು ನನ್ನ ಬಳಿ ಕ್ಷಮೆ ಕೇಳುತ್ತಿದ್ದರು. ಯಾರ ಮೇಲೂ ಅನುಮಾನವಿಲ್ಲ ಎಂದು ಅವರು ಬರೆಸಿಕೊಟ್ಟಿದ್ದಾರೆಂದು ಅನಂತರ ತಿಳಿಯಿತು.

15ರಂದು ಬೆಳಿಗ್ಗೆ 9-30ಕ್ಕೆ ವಿಷಯ ಹೇಳಬೇಕೆಂದೇ ಅವರ ಮನೆಗೆ ಹೋದೆ. ಕುರ್ಚಿ ಹಾಕಿದರು. ದಡದಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಯನ್ನು ತೊಳೆದು ಇಟ್ಟಿದ್ದರು, ತಂದು ಕೊಟ್ಟರು. ಒಳಗೆ ನೆಂಟರು ಮಾತನಾಡುತ್ತಿದ್ದರು. ಅವರಲ್ಲಿ ಒಬ್ಬರು, ಪರರ ಜೀವಕ್ಕೆ ಕುತ್ತು ತರುವಂಥ ದೋಣಿಯನ್ನು ರಂಗಸ್ವಾಮಿ ಮಾರಲು ಹೋಗಬಾರದಿತ್ತು ಎಂದು ಹೇಳಿದ್ದು ನನಗೆ ಕೇಳಿಸಿತು. ರತ್ನ ಅವರಿಗೂ ಕೇಳಿಸಿತು. ಅವರು ತಲೆ ಎತ್ತಲಿಲ್ಲ. ನಾನು 25 ನಿಮಿಷ ಕುಳಿತಿದ್ದು, ವಿಷಯ ಹೇಳದೆಯೇ ಎದ್ದು ಬಂದೆ. ರಾತ್ರಿ ಕೋಮಲಳಿಗೆ ಹೇಳಿದೆ. ಅವಳು, ನನಗೆ ಹೇಳಿ ಏನು ಪ್ರಯೋಜನ ಎಂದಳು.

ಈ ಹೇಳಿಕೆಯಿಂದ ನನ್ನ ಮೇಲೆಯೇ ಕ್ರಮ ಆಗಬಹುದು ಎಂದು ಠಾಣೆಯಲ್ಲಿ ನನಗೆ ಮೊದಲೇ ತಿಳಿಸಿದ್ದಾರೆ. ಅದು ಗೊತ್ತಿದ್ದೇ ಬಂದಿದ್ದೇನೆ. ಕಿತ್ತುಬಂದ ಪಟ್ಟಿ, ದಡಕ್ಕೆ ಎಳೆದು ಹಾಕಿರುವ ದೋಣಿಯ ತಂತಿಯಲ್ಲೇ ಈಗಲೂ ಇದೆ, ನೋಡಬಹುದು. ರತ್ನ ಅವರಿಗೆ ಓದು ಬರಹ ಬರುವುದಿಲ್ಲ. ಆದ್ದರಿಂದ ಇದನ್ನು ಅವರ ನೆಂಟರ ಎದುರಿನಲ್ಲೇ ಯಾರಾದರೂ ಅವರಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ರಂಗಸ್ವಾಮಿಯವರು ಕೆಟ್ಟ ದೋಣಿಯನ್ನು ಮಾರಲು ಬಂದವರಲ್ಲ. ಅದರಲ್ಲಿ ದೋಷ ಇರುವುದು ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದವನು ನಾನೊಬ್ಬನೇ.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಷ್ಟೇ ಇದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಹನೂರು
ದಿನಾಂಕ: 16-07-2025, ಮಧ್ಯಾಹ್ನ 12-40

ಸಹಿ/-
ಶಿವಕುಮಾರಸ್ವಾಮಿ