ಹೊಳೆದಂಡೆಯಿಂದ ದಿಬ್ಬಕ್ಕೆ

ನರಗುಂದದ ಬಸ್ ನಿಲ್ದಾಣದಲ್ಲಿ ರೋಣದ ಬಸ್ಸಿಗೆ ಕಾಯುತ್ತಿದ್ದ ಲಕ್ಷ್ಮಿಯ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಅಲ್ಲಿ ಕೂತಿದ್ದವರು ಕೊಣ್ಣೂರಿನ ಮುದುಕ ಶಿವನಪ್ಪ ಮತ್ತು ಅವನ ಹೊಲದಲ್ಲಿ ಆದಿಮಾನವರ ಕಲ್ಲಿನ ಆಯುಧಗಳನ್ನು ಅಗೆದು ತೆಗೆಯುತ್ತಿದ್ದ ಜಬೀನ.

“ಹಿಮಯುಗ ಅಂತೀಯಲ್ಲ, ಅವಾಗ ನಮ್ಮ ಕಡೆನೂ ಬರ್ಫ ಬಿದ್ದಿತ್ತೇನ?”

“ಇಲ್ರಿ ಕಾಕಾ. ಬರ್ಫ ದೂರ ಹಿಮಾಲಯದ ಕಡೆ ಬೆಳೀತು. ಇಲ್ಲಿ ಮಳಿ ಕಡಿಮಿ ಆತು, ಹಳ್ಳ ಬತ್ತಿದ್ವು.”

“ಮತ್ತ ಮಂದಿ ಎಲ್ಲಿ ಹೋದ್ರು?”

“ನೀರಿದ್ದಲ್ಲಿಗೆ ಬಂದ್ರು. ನಿಮ್ಮ ಮನಿ ಐತಲ್ರಿ, ಅದ ಹೊಳಿದಂಡಿಗೆ.”

“ನೋಡು, ಅವಾಗಿಂದ ಅದು ಚಲೋ ಜಾಗಾನ. ನಮ್ಮಾಕಿ, ನಿಮ್ಮ ಕಾಕು ಫಕೀರವ್ವ, ಮನಿಯೊಳಗ ಹೊಳಿ ಬಂತು, ದಿಬ್ಬದ ಮ್ಯಾಲ ಹೋಗೂಣು ಅಂತಾಳ. ನಾ ಒಲ್ಲೆ ಅಂದೇನಿ.”

“ಆಮ್ಯಾಲ ಮಳಿ ತಿರುಗಿ ಬಂತ್ರಿ. ಹೊಳಿ ಉಕ್ಕಿತು. ಅವರೂ ದಂಡಿ ಬಿಟ್ಟು ಅದ ದಿಬ್ಬ ಹತ್ತಿದ್ರು. ಆ ಕಾಲದ ಕಲ್ಲೆಲ್ಲಾ ಅಲ್ಲೇ ಸಿಗಾಕತ್ತಾವು.”

ಶಿವನಪ್ಪ ಅವಳ ಕಡೆ ತಿರುಗಿ ಕೂತ.

“ಭಾಳ ದೂರ ಹೋದ್ರೇನ?”

“ಇಲ್ರಿ. ಕೂಗಿದ್ರ ಕೇಳೂವಷ್ಟು ದೂರ.”

“ಅಲ್ಲಿಂದ ಹೊಳಿ ಕಾಣತೈತೇನ?”

“ಪೂರಾ ಕಾಣತೈತ್ರಿ.”

ಕೊಣ್ಣೂರಿನ ಬಸ್ಸು ಬಂದು ನಿಂತಿತು. ಶಿವನಪ್ಪ ಧೋತರ ಕೊಡವಿಕೊಂಡು ಎದ್ದ.

“ಫಕೀರವ್ವಗ ಫೋನ್ ಮಾಡು. ಭಾಂಡೆ ಸಾಮಾನು ಕಟ್ಟಾಕ ಹೇಳು. ನಾ ಹೇಳಿದ್ರ ನಗತಾಳ.”

ಜಬೀನ ಫೋನನ್ನು ಕಿವಿಗಿಟ್ಟುಕೊಂಡು ಅವನ ಹಿಂದೆಯೇ ಬಸ್ ಹತ್ತಿದಳು.