ದಿವಾನದ ಜಾಗದಲ್ಲಿ ಸ್ಪೀಕರು

ಪುಣೆಯ ಖಡಕಿಯ ಬಸ್ ಸ್ಟಾಪಿನ ಬೆಂಚಿನ ತುದಿಗೆ ಮಾಯಾ ಮುದುಡಿ ಕೂತಿದ್ದಳು. ಪಕ್ಕದಲ್ಲಿ ಬಂದು ಕೂತ ಗಂಡ ಹೆಂಡತಿ ಈ ಹುಡುಗಿ ಮರಾಠಿಯವಳೇ ಇರಬೇಕೆಂದು ತಿಳಿದು, ಗಟ್ಟಿಯಾಗಿಯೇ ಕನ್ನಡದಲ್ಲಿ ಜಗಳ ತೆಗೆದರು.

"ಅಭಿಲಾಷ, ನಾಳೆ ಅಮ್ಮ ಬರ್ತಾರೆ. ಅವರು ಮಲಗೋ ದಿವಾನ ಎಲ್ಲಿ?"

"ಬಾಲ್ಕನೀಲಿ. ಅದರ ಜಾಗದಲ್ಲಿ ಸ್ಪೀಕರ್ ಇದೆಯಲ್ಲ ಇಂಪನಾ."

"ಎತ್ತಿಡು."

"ಎತ್ತಿದ್ರೆ ಮತ್ತೆ ಮನೆಯೆಲ್ಲ ಸದ್ದಿಲ್ದೆ ಇಟ್ಟು, ಕೂರೋ ಜಾಗದಲ್ಲಿ ಮೈಕ್ ಇಟ್ಟು ಹೋಮ್ ಥಿಯೇಟರ್ ಸೌಂಡ್ ಸೆಟ್ ಮಾಡ್ಬೇಕು."

"ಗೊತ್ತು. ಮೊನ್ನೆ ಕುಕ್ಕರ್ ಕೂಗುತ್ತೆ ಅಂತ ನನ್ನ ಅಡುಗೆ ನಿಲ್ಲಿಸ್ದೆ, ಫ್ಯಾನ್ ಆಫ್ ಮಾಡ್ದೆ. ಆಮೇಲೆ ಮೈಕ್ ಇಟ್ಟಿದ್ದು ನಿನ್ನ ಕುರ್ಚಿ ಮೇಲೆ ಮಾತ್ರ!"

"ಅಲ್ಲೇ ಕಣೇ ಚೆನ್ನಾಗಿ ಕೇಳೋದು."

"ನಂಗೆ ಕೇಳೋದು ಬರೀ ಸಿನಿಮಾದ ಬಾಂಬು. ಕೆಳಗಿನ ಮನೆ ಕಾಕೂ ಬಂದು ಬಾಗಿಲು ಬಡಿದ ಮೇಲೆ ಸೌಂಡ್ ಇಳಿಸಿ ಅದೂ ಇಲ್ಲ. ಇಷ್ಟೆಲ್ಲ ತಂದು ಕೂರಿಸಿ, ಈಗ ಸಬ್‌ಟೈಟಲ್ ಓದ್ತೀವಿ."

"ಅತ್ತೆ ಎರಡು ದಿನ ಚಾಪೆ ಮೇಲೆ ಅಡ್ಜಸ್ಟ್ ಮಾಡ್ಕೊಳ್ಳಲ್ವಾ?"

"ಅಮ್ಮ ನನ್ನ ಜೊತೆ ಮಂಚದ ಮೇಲೆ. ಚಾಪೆ ನಿನಗೆ. ಸ್ಪೀಕರ್‌ಗಳ ನಡುವೆ ಹಾಸ್ಕೋ, ಅಲ್ಲೇ ಚೆನ್ನಾಗಿ ಕೇಳುತ್ತಲ್ಲ."

ಬಸ್ಸು ಬಂತು. ಅಭಿಲಾಷ ಮುಖ ಊದಿಸಿಕೊಂಡು ಎದ್ದು, ಇದು ಕ್ಯಾಂಪಿನ ಪೇಟೆಗೆ ಹೋಗುತ್ತದೆಯೇ ಎಂದು ಮಾಯಾಳನ್ನು ಮುರುಕು ಮರಾಠಿಯಲ್ಲಿ ಕೇಳಿದ.

ಮಾಯಾ ತಲೆ ಎತ್ತಲಿಲ್ಲ. "ಹೋಗ್ತದ್ರಿ ಅಣ್ಣಾರ. ಚಾಪಿನೂ ಅಲ್ಲೇ ಚಲೋ ಸಿಗ್ತಾವ."

ಇಂಪನಾ ನಗುತ್ತಲೇ ಮೊದಲು ಬಸ್ಸು ಹತ್ತಿದಳು.