ನೆಸ್ಟ್ಲರಳ ಉದ್ದ-ಗಿಡ್ಡ

ನಾನು ದೆವ್ವ ನಂಬುವವನಲ್ಲ. ತಕ್ಕಡಿ ನಂಬುತ್ತೇನೆ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ನನ್ನ ಚಿಕ್ಕಮ್ಮನ ಮಗಳು ಗುಡ್ರುನ್ ಆಗ ಲೈಪ್‌ಜಿಗ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಗಾಜಿನ ಪಾತ್ರೆಯ ಆಮ್ಲದಲ್ಲಿ ಕಬ್ಬಿಣದ ತಂತಿ ಇಳಿಸಿ ವಿದ್ಯುತ್ ಹರಿಸುವ ಕೆಲಸ. ತಂತಿಯ ಏರಿಳಿತವನ್ನು ಒಂದು ಯಂತ್ರದ ಪೆನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ತಂತಿ ಕರಗುತ್ತದೆ, ಮೈಮೇಲೆ ಪೊರೆ ಕಟ್ಟಿಕೊಂಡು ನಿಲ್ಲುತ್ತದೆ, ಪೊರೆ ಹರಿದು ಮತ್ತೆ ಕರಗುತ್ತದೆ. ಎದೆ ಬಡಿದ ಹಾಗೆ. ಅವಳ ತಂತಿ ಮಾತ್ರ ಒಂದು ಉದ್ದ, ಒಂದು ಗಿಡ್ಡ ಬಡಿಯುತ್ತಿತ್ತು.

ಪ್ರೊಫೆಸರ್ ವೆಂಡ್ಟ್ ಅದು ತಾಳವಲ್ಲ, ತಂತಿಗಂಟಿದ ಕೊಳೆ ಅಂದರು. "ನಾಳೆ ಹತ್ತಕ್ಕೆ ನನ್ನೆದುರು ತೋರಿಸು. ಇಲ್ಲಾಂದ್ರೆ ಪ್ರಬಂಧದಿಂದ ಆ ಅಧ್ಯಾಯ ತೆಗಿ."

ಹಗಲು ಟ್ರಾಮ್ ಓಡಿದರೆ ಅಳತೆ ನಡುಗುತ್ತದೆ. ಹಾಗಾಗಿ ರಾತ್ರಿ ಕೆಲಸ. ಅವತ್ತು ಒಂದು ಗಂಟೆಗೆ ಕೆಲಸ ಮುಗಿಸಿ ಮನೆಗೆ ಹೊರಟಳು. ಅಂಗಳದಲ್ಲಿ ಲಿಂಡನ್ ಮರ, ಅದರ ಬುಡದಲ್ಲಿ ಮುಚ್ಚಳ ಹಾಕಿದ ಹಾಳುಬಾವಿ. ಅಲ್ಲಿಗೆ ಬಂದಾಗ ನೆನಪಾಯಿತು... ಪ್ಲಗ್ ಕಿತ್ತಿದ್ದಳು. ತಂತಿ ಎತ್ತಿರಲಿಲ್ಲ. ಬೆಳಗಾಗುವುದರೊಳಗೆ ಆಮ್ಲ ಅದನ್ನು ತಿಂದು ಹಾಕುತ್ತದೆ.

ವಾಪಸ್ ಹೋದಳು. ಬಾಗಿಲಾಚೆ... ಟಿಣ್. ಟಿಣ್. ಗಾಜಿಗೆ ಉಗುರು ತಾಗಿದ ಸದ್ದು. ಆಮೇಲೆ ಕರ್‌ರ್... ಕರ್. ಕಾಗದದ ಮೇಲೆ ಯಂತ್ರದ ಪೆನ್ನು ಗೀಚುವ ಸದ್ದು. ಉದ್ದ, ಗಿಡ್ಡ.

ಬಾಗಿಲು ತೆಗೆದಳು. ಯಾರೂ ಇಲ್ಲ. ಪ್ಲಗ್ ಮೇಜಿನ ಮೇಲೇ ಬಿದ್ದಿತ್ತು. ಪೆನ್ನು ಓಡುತ್ತಿತ್ತು.

ಹಿಂದಿನಿಂದ ಟಾರ್ಚ್ ಬೆಳಕು. ಕಾವಲುಗಾರ ಕ್ರೆಚ್‌ಮರ್.

"ಬಡಿದಳಾ?" ಪಿಸುಗುಟ್ಟಿದ.

"ಯಾರು?"

"ನೆಸ್ಟ್ಲರ್. ಮೂವತ್ತೈದು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದಾಗ ಈ ಮೇಜು ಅವಳದು. ಶುರು ಮಾಡೋ ಮುಂಚೆ ಎರಡು ಸಲ ಗಾಜು ಬಡಿಯೋಳು. ಅವಳದೂ ಇದೇ ಉದ್ದ-ಗಿಡ್ಡ. ಅಧ್ಯಾಯ ತೆಗಿ ಅಂದ್ರು, ತೆಗೀಲಿಲ್ಲ. ಡಾಕ್ಟರೇಟ್ ಕೊಡಲಿಲ್ಲ... ಸತ್ತು ಹನ್ನೆರಡು ವರ್ಷ."

"ಅವಳ ಕಾಗದ?"

"ಕೆಳಗಿನ ಕಪಾಟಲ್ಲಿವೆ. ಎಸೆದ್ಬಿಡು ಅಂದಿದ್ರು. ನಾನ್ಯಾಕೆ ಎಸೀಲಿ? ತಂತಿ ಎತ್ತಮ್ಮ, ಮನೆಗೆ ಹೋಗು."

"ಎತ್ತಲ್ಲ," ಅಂದಳು. "ಅವಳು ಮುಗಿಸಲಿ."

ಆರಕ್ಕೆ ಪೆನ್ನು ನಿಂತಿತು. ಅದೇ ಊರಲ್ಲಿದ್ದ ನನಗೆ ಗುಡ್ರುನ್ ಫೋನ್ ಮಾಡಿ ಎಲ್ಲ ಹೇಳಿದಳು. ಬ್ರೆಡ್ಡು ಕಟ್ಟಿಸಿಕೊಂಡು ಹೋದೆ, ಜೊತೆಗೆ ಸ್ವಲ್ಪ ಗೇಲಿ ಮಾಡೋಣ ಅಂತ.

ಹತ್ತಕ್ಕೆ ವೆಂಡ್ಟ್ ಬಂದರು. ಗುಡ್ರುನ್ ಹೊಸ ತಂತಿ ಇಳಿಸಿ ಪ್ಲಗ್ ಹಾಕಿದಳು. ಉಗುರಿನಿಂದ ಗಾಜಿಗೆ ಎರಡು ಸಲ ಬಡಿದಳು. ಹೊರಗೆ ಟ್ರಾಮ್ ಹೋಯಿತು, ಗೆರೆ ನಡುಗಿತು. ತಾಳ ತಪ್ಪಲಿಲ್ಲ. ಉದ್ದ, ಗಿಡ್ಡ.

"ಕೊಳೆ," ಅಂದರು.

ಅವಳು ನೆಸ್ಟ್ಲರಳ ಹಳದಿ ಕಾಗದವನ್ನು ಹೊಸದರ ಮೇಲಿಟ್ಟು ಕಿಟಕಿಗೆ ಹಿಡಿದಳು. ಗೆರೆಯ ಮೇಲೆ ಗೆರೆ ಕೂತಿತು.

"ಮೂವತ್ತೈದು ವರ್ಷದಿಂದ ಒಂದೇ ತಾಳ. ಭಾರಿ ಶಿಸ್ತಿನ ಕೊಳೆ, ಪ್ರೊಫೆಸರ್. ಅಧ್ಯಾಯ ತೆಗೆಯಲ್ಲ. ಅವಳ ಹೆಸರೂ ಹಾಕ್ತೀನಿ."

ಅವರು ಕೋಟು ತೊಟ್ಟು ಹೊರಟರು. ಅಧ್ಯಾಯ ಉಳಿಯಿತು.

ಪೆನ್ನು ಓಡಿದ್ದಕ್ಕೆ ಏನಾದರೂ ಕಾರಣ ಇದ್ದೀತು. ಕ್ರೆಚ್‌ಮರ್ ಕುಡಿಯುತ್ತಿದ್ದ. ಗುಡ್ರುನ್ ನಿದ್ದೆಗೆಟ್ಟಿದ್ದಳು. ಆದರೆ ರಾತ್ರಿಯಿಡೀ ಆಮ್ಲದಲ್ಲಿದ್ದ ಆ ತಂತಿಯನ್ನು ತೊಳೆದು, ಒರೆಸಿ, ತೂಗಿದವನು ನಾನು. ಸಂಜೆ ಅವಳು ಬರೆದಿಟ್ಟ ತೂಕಕ್ಕಿಂತ ಒಂದು ಮಿಲಿಗ್ರಾಮೂ ಕಡಿಮೆ ಇರಲಿಲ್ಲ.

ಮೂರು ಸಲ ತೂಗಿದೆ.